ಅತ್ತೆಯ ಊಟ ಈ ತಿಂಗಳು ಯಾರ ಮನೆಯಲ್ಲಿ?

ಸರ್ವಧರ್ಮ ಸಭೆ ಮಾಡಬೇಕೆಂದಿರುವವರಿಗೆ ನನ್ನ ಮೊದಲ ಮಾತು: ವೇದಿಕೆ ಹಾಕಿಸಬೇಡಿ. ಮೂರು ಧರ್ಮದ ಗುರುಗಳು ಮೇಲೆ ಕೂತರೆ ಮೂವರೂ ಹೆತ್ತವರ ಋಣದ ಬಗ್ಗೆ ಚೆನ್ನಾಗಿಯೇ ಮಾತಾಡುತ್ತಾರೆ. ಕೆಳಗಿದ್ದವರು ಚಪ್ಪಾಳೆ ತಟ್ಟಿ, ಕಾಫಿ ಕುಡಿದು ಮನೆಗೆ ಹೋಗುತ್ತಾರೆ. ಮನೆಯೊಳಗಿನ ಸಂಗತಿ ಹಾಗೇ ಉಳಿಯುತ್ತದೆ.

ನಮ್ಮ ಕಡೆಯದನ್ನೇ ಹೇಳುತ್ತೇನೆ. ಶಿವಮೊಗ್ಗದ ಸೋಗಾನೆಯ ವಿಮಾನ ನಿಲ್ದಾಣ 2023ರ ಫೆಬ್ರುವರಿ 27ರಂದು ಉದ್ಘಾಟನೆಯಾಯಿತು, ಕುವೆಂಪು ಅವರ ಹೆಸರಿಟ್ಟರು. ಹೆಮ್ಮೆಯೇ. ಆದರೆ ಅದಕ್ಕೆ ಎಷ್ಟೋ ಮೊದಲೇ ನಿಲ್ದಾಣಕ್ಕೆಂದು ಭೂಮಿ ಹೋಗಿ, ಕೈಗೆ ಹಣ ಬಂದು, ನಮ್ಮ ಕಡೆ ಒಲೆಗಳು ಬೇರೆಯಾಗಿದ್ದವು. ವಯಸ್ಸಾದವರು ಎಲ್ಲಿ ಉಣ್ಣಬೇಕೆಂಬ ಪ್ರಶ್ನೆ ಸಾಬರ ಮನೆಯಲ್ಲೂ ಇತ್ತು, ಗೌಡರ ಮನೆಯಲ್ಲೂ ಇತ್ತು. ನಮ್ಮ ಜಿಲ್ಲೆಯ ಹಣಗೆರೆಕಟ್ಟೆಯಲ್ಲಿ ದರ್ಗಾ, ಭೂತರಾಯ, ಚೌಡೇಶ್ವರಿ ಎಲ್ಲ ಒಂದೇ ಸೂರಿನಡಿ. ಅಲ್ಲಿಗೆ ಹರಕೆ ಹೊತ್ತು ಎರಡೂ ಕಡೆಯವರು ಹೋಗುತ್ತೇವೆ. ದೇವರ ಹತ್ತಿರ ಒಟ್ಟಿಗೆ ಹೇಳಿಕೊಳ್ಳುವ ಕಷ್ಟವನ್ನು ಒಬ್ಬರಿಗೊಬ್ಬರು ಹೇಳಿಕೊಂಡರೆ ತಪ್ಪೇನು ಎಂದು, ಕ್ರೈಸ್ತರನ್ನೂ ಸೇರಿಸಿಕೊಂಡು ಸಭೆ ಕರೆದೆ.

ನನ್ನ ಭಾವನವರಿಗೆ ಇದು ಹಿಡಿಸಲಿಲ್ಲ. ಮತಾಂತರದ ಸಭೆ ಎಂದು ಊರೆಲ್ಲ ಹೇಳಿಕೊಂಡು ಬಂದರು. ಸ್ವಂತ ಮನೆಯವರೇ ಹೀಗೆ ಮಾಡಿದ್ದನ್ನು ನಾನು ಮರೆಯಲಾರೆ.

ಸಭೆಗೆ ಅವರೂ ಬಂದರು. ಮೌಲ್ವಿಗಳು ಮಾತು ಮುಗಿಸುವ ಮೊದಲೇ ಎದ್ದು ನಿಂತು, "ಅದೆಲ್ಲ ಇರ್ಲಿ, ನಿಮ್ಮ ಹುಡುಗ್ರು ನಮ್ಮ ಹೆಣ್ಮಕ್ಕಳ ಹಿಂದೆ ಬರೋದನ್ನ ಯಾವಾಗ ನಿಲ್ಲಿಸ್ತೀರಿ?" ಎಂದು ಕೇಳಿದರು. ಹಿಂದಿನ ಸಾಲಿನ ಹುಡುಗರು ಎದ್ದರು. ಯಾರೋ ಕುರ್ಚಿ ಒದ್ದರು. ಬಾಗಿಲ ಹತ್ತಿರವಿದ್ದ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಹೊರಟೇಬಿಟ್ಟರು. ಭದ್ರಾವತಿಯಿಂದ ಬಂದಿದ್ದ ಫಾದರ್ ಕೈ ಮುಗಿದು ಕೂರಿ ಕೂರಿ ಎನ್ನುತ್ತಿದ್ದರು, ಯಾರಿಗೂ ಕೇಳಿಸುತ್ತಿರಲಿಲ್ಲ. ಆವತ್ತು ಅಲ್ಲಿ ರಕ್ತ ಹರಿದಿದ್ದರೆ ಕರೆದವಳು ನಾನು ಎಂಬುದೊಂದೇ ತಲೆಯಲ್ಲಿತ್ತು. ಕೈಕಾಲು ತಣ್ಣಗಾಗಿದ್ದವು. ಮೈಕು ಕಿತ್ತುಕೊಂಡು ಕೇಳಿದೆ: "ತಾಯಿ ಊಟಾನ ತಿಂಗಳ ಲೆಕ್ಕದಲ್ಲಿ ಹಂಚಿಕೊಂಡಿರೋ ಮನೆಯವರು ಯಾರ್ಯಾರಿದ್ದೀರಿ, ಕೈ ಎತ್ತಿ."

ಯಾರೂ ಎತ್ತಲಿಲ್ಲ. ಕೊನೆಗೆ ಹೆಂಗಸರ ಕಡೆಯಿಂದ ಬುರ್ಖಾ ಹಾಕಿದ್ದ ಒಬ್ಬಾಕೆ ಎದ್ದರು. "ನಮ್ಮತ್ತೆ ಎರಡು ತಿಂಗಳು ನಮ್ಮಲ್ಲಿ, ಎರಡು ತಿಂಗಳು ಮೈದುನನ ಮನೇಲಿ. ಹೋಗೋವಾಗ ಪ್ರತಿಸಲ ಅಳ್ತಾರೆ. ನಮಗೂ ನಾಚಿಕೆ ಆಗ್ತದೆ ಅಕ್ಕಾ," ಎಂದರು. ಆಗ ಮುಂದಿನ ಸಾಲಿನಲ್ಲಿದ್ದ ನನ್ನ ಅತ್ತೆ, ಭಾವನವರನ್ನು ಹೆತ್ತ ತಾಯಿ, ಕೂತಲ್ಲಿಂದಲೇ "ನನ್ನದೂ ಹಂಗೇ ಕಣವ್ವಾ" ಎಂದುಬಿಟ್ಟರು. ಭಾವನವರು ಕೂತರು. ಹುಡುಗರೂ ಕೂತರು. ಆಮೇಲಿನದೇ ನಿಜವಾದ ಸಭೆ, ಕತ್ತಲಾಗುವವರೆಗೂ ನಡೆಯಿತು.

ಆದ್ದರಿಂದ ಹೆಂಗಸರನ್ನು ಹಿಂದೆ ಕೂರಿಸಬೇಡಿ, ಮೊದಲ ಮಾತು ಅವರಿಗೇ ಬಿಡಿ. ಸಭೆಗೆ ಒಬ್ಬ ವಕೀಲರನ್ನೂ ಕರೆಯಿರಿ. ಆಸ್ತಿಯ ಕಾನೂನು ಧರ್ಮಕ್ಕೊಂದು: ಹಿಂದೂ ಮಗಳಿಗೆ ಪಿತ್ರಾರ್ಜಿತದಲ್ಲಿ ಮಗನಷ್ಟೇ ಹಕ್ಕು ದೇಶದೆಲ್ಲೆಡೆ ಬಂದದ್ದು 2005ರ ತಿದ್ದುಪಡಿಯಿಂದ, ಕ್ರೈಸ್ತರಲ್ಲಿ ಇಬ್ಬರಿಗೂ ಸಮ, ಮುಸ್ಲಿಮರಲ್ಲಿ ಮಗಳಿಗೆ ಮಗನ ಪಾಲಿನ ಅರ್ಧ. ಆದರೆ ಹೆತ್ತವರಿಗೆ ಅನ್ನ ಹಾಕಬೇಕೆನ್ನುವ 2007ರ ಕಾಯ್ದೆ ಎಲ್ಲ ಧರ್ಮದವರಿಗೂ ಒಂದೇ. ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಕೊಟ್ಟರೆ, ಮಕ್ಕಳಿಗೆ ನೋಟಿಸು ತಲುಪಿದ 90 ದಿನದೊಳಗೆ ತೀರ್ಮಾನ ಆಗಬೇಕೆಂದು ಕಾಯ್ದೆಯಲ್ಲಿದೆ. ನಮ್ಮ ಸಭೆಯಲ್ಲಿ ಈ ಮಾತು ಬಂದಾಗ ಮೂರೂ ಕಡೆಯ ಮುದುಕರು ಕಿವಿ ನಿಮಿರಿಸಿ ಕೇಳಿದರು.

ಭಾವನವರು ಇವತ್ತಿಗೂ ನನ್ನೊಡನೆ ಮಾತಾಡುವುದಿಲ್ಲ. ಇರಲಿ. ಅತ್ತೆ ಈಗ ನಮ್ಮಲ್ಲೇ ಇದ್ದಾರೆ, ತಿಂಗಳ ಲೆಕ್ಕವಿಲ್ಲ.

ಓದುತ್ತಿರುವ ಹಿರಿಯರಲ್ಲಿ ಒಂದೇ ವಿನಂತಿ. ನೀವು ಯಾವ ದೇವರಿಗೆ ಕೈ ಮುಗಿಯುವವರೇ ಆಗಿರಿ, ಮಕ್ಕಳ ಹೆಸರಿಗೆ ದಾನಪತ್ರ ಮಾಡುವಾಗ "ನನ್ನನ್ನು ಕೊನೆಯವರೆಗೆ ನೋಡಿಕೊಳ್ಳತಕ್ಕದ್ದು" ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಆ ಷರತ್ತಿದ್ದು ಮಕ್ಕಳು ನೋಡಿಕೊಳ್ಳದಿದ್ದರೆ, ಅದೇ 2007ರ ಕಾಯ್ದೆಯ 23ನೇ ಕಲಮಿನಡಿ ದಾನಪತ್ರವನ್ನು ರದ್ದುಮಾಡಿಸಬಹುದು.