ಬೇಸಗೆಯ ಮಂಜುಪಾನಕ

ಯುಗಾದಿ ಕಳೆದು ಚೈತ್ರಮಾಸ ಮುಗಿಯುವ ಹೊತ್ತಿಗೆ ನಮ್ಮ ನಾಡಿನ ಬಿಸಿಲು ತನ್ನ ನಿಜರೂಪವನ್ನು ತೋರಲಾರಂಭಿಸುತ್ತದೆ. ಕಲಬುರಗಿ, ರಾಯಚೂರು, ಬಳ್ಳಾರಿಗಳಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ವಿಶೇಷವೇನಲ್ಲ. ಕರಾವಳಿಯಲ್ಲಿ ಅಂಕಿ ಅಷ್ಟು ಮೇಲೇರದಿದ್ದರೂ ಬೆವರು ಆರದೆ ಮೈ ಬೆಂದಂತಾಗುತ್ತದೆ. ದನಕರುಗಳು ಮರದ ನೆರಳನ್ನು ಬಿಟ್ಟು ಕದಲುವುದಿಲ್ಲ. ಹಕ್ಕಿಗಳ ಉಲಿಯೂ ಅಡಗುತ್ತದೆ. ಅಂಥ ನಡುಹಗಲಿನಲ್ಲಿ ದಾರಿ ನಡೆದು ಬಂದವನಿಗೆ ಷಡ್ರಸೋಪೇತವಾದ ಭೋಜನಕ್ಕಿಂತ ಒಂದು ಲೋಟ ತಂಪಾದ ಪಾನೀಯವೇ ಹಿತವೆನಿಸುತ್ತದೆ.

ಈ ಅಗತ್ಯವನ್ನು ನಮ್ಮ ಹಿರಿಯರು ಚೆನ್ನಾಗಿ ಅರಿತಿದ್ದರು. ರಾಮನವಮಿಯಂದು ಬೆಲ್ಲ, ನಿಂಬೆಹಣ್ಣು, ಏಲಕ್ಕಿ, ಶುಂಠಿಗಳನ್ನು ಬೆರೆಸಿದ ಪಾನಕವನ್ನು ಬಂದವರಿಗೆಲ್ಲ ಹಂಚುವ ಪದ್ಧತಿ ಇಂದಿಗೂ ಉಳಿದಿದೆ. ಮಲೆನಾಡು ಕರಾವಳಿಗಳಲ್ಲಿ ಮುರುಗಲು ಅಥವಾ ಪುನರ್ಪುಳಿಯ ಕೆಂಪು ಪಾನಕ ಪ್ರಸಿದ್ಧ. ಬಯಲುಸೀಮೆಯಲ್ಲಿ ಕರಬೂಜ, ಬೇಲದ ಹಣ್ಣುಗಳ ಪಾನಕವುಂಟು. ದಾರಿಹೋಕರಿಗೆ ನೀರು, ಮಜ್ಜಿಗೆಗಳನ್ನು ಕೊಡುವ ಅರವಟ್ಟಿಗೆಗಳನ್ನು ಕಟ್ಟಿಸುವುದು ದೊಡ್ಡ ಪುಣ್ಯಕಾರ್ಯವೆನಿಸಿತ್ತು. ಈ ಪಾನೀಯಗಳನ್ನೆಲ್ಲ ತಂಪಾಗಿಡುತ್ತಿದ್ದುದು ಮಣ್ಣಿನ ಗಡಿಗೆ. ಗಡಿಗೆಯ ಸೂಕ್ಷ್ಮರಂಧ್ರಗಳಿಂದ ಒಸರಿದ ನೀರು ಆವಿಯಾಗುವಾಗ ಅದಕ್ಕೆ ಬೇಕಾದ ಶಾಖವನ್ನು ಗಡಿಗೆಯಿಂದಲೇ ಸೆಳೆದುಕೊಳ್ಳುತ್ತದೆ. ಒಳಗೆ ಉಳಿದ ನೀರು ತಣ್ಣಗಾಗುತ್ತದೆ. ಒಣಹವೆಯ ರಾಯಚೂರಿನಲ್ಲಿ ಗಡಿಗೆಯ ನೀರು ಬಲು ತಂಪಾಗಿರುತ್ತದೆ. ತೇವ ತುಂಬಿದ ಹವೆಯ ಮಂಗಳೂರಿನಲ್ಲಿ ಅಷ್ಟು ತಂಪಾಗುವುದಿಲ್ಲ. ಅಲ್ಲಿ ನೀರು ಬೇಗನೆ ಆವಿಯಾಗದಿರುವುದೇ ಇದಕ್ಕೆ ಕಾರಣ.

ಗಡಿಗೆಯು ನಮಗೆ ಒಂದು ದೊಡ್ಡ ಸತ್ಯವನ್ನು ಕಲಿಸುತ್ತದೆ. ತಂಪು ಎಂಬುದು ಹೊರಗಿನಿಂದ ತಂದು ಸೇರಿಸುವ ವಸ್ತುವಲ್ಲ. ಇರುವ ಶಾಖವನ್ನು ಹೊರಗೆ ಸಾಗಿಸಿದಾಗ ಉಳಿಯುವ ಸ್ಥಿತಿಯೇ ತಂಪು. ಪಾನಕವನ್ನು ತಣಿಸಬೇಕಾದರೆ ಅದರೊಳಕ್ಕೆ ಏನನ್ನಾದರೂ ಹಾಕಲೇಬೇಕೆಂಬ ನಿಯಮವಿಲ್ಲ. ಅದರಲ್ಲಿರುವ ಶಾಖ ಹೊರಬರುವಂತೆ ಮಾಡಿದರೆ ಸಾಕು. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಇದರಲ್ಲಿ ವಿಜ್ಞಾನವಿರುವಂತೆಯೇ ಆರೋಗ್ಯದ ಗುಟ್ಟೂ ಇದೆ.

ಆದರೆ ಗಡಿಗೆಯ ಶಕ್ತಿಗೂ ಒಂದು ಮಿತಿಯುಂಟು. ಅದು ನೀರನ್ನು ತಣಿಸಬಲ್ಲದೇ ಹೊರತು ಬೇಸಗೆಯ ಹಗಲಿನಲ್ಲಿ ಮಂಜಾಗಿಸಲಾರದು. ಬೇಸಗೆಯಲ್ಲಿ ಮಂಜನ್ನು ಕಾಣಬೇಕೆಂಬ ಆಸೆ ಬಹು ಹಳೆಯದು. ಅಕ್ಬರನ ಆಸ್ಥಾನದಲ್ಲಿ ನೀರನ್ನು ತಣಿಸುತ್ತಿದ್ದ ರೀತಿಯನ್ನು ಅಬುಲ್ ಫಜಲನು ತನ್ನ 'ಐನ್-ಇ-ಅಕ್ಬರಿ'ಯಲ್ಲಿ ವಿವರಿಸಿದ್ದಾನೆ. ಕುಡಿಯುವ ನೀರನ್ನು ಲೋಹದ ಹೂಜಿಯಲ್ಲಿ ತುಂಬಿ ಬಾಯಿ ಕಟ್ಟಿ, ಪೆಟ್ಲುಪ್ಪು ಕರಗಿಸಿದ ನೀರಿನಲ್ಲಿ ಆ ಹೂಜಿಯನ್ನು ಆಡಿಸುತ್ತಿದ್ದರು. ಪೆಟ್ಲುಪ್ಪು ನೀರಿನಲ್ಲಿ ಕರಗುವಾಗ ಶಾಖವನ್ನು ಹೀರುತ್ತದೆ. ಹೂಜಿಯ ನೀರು ತಂಪಾಗುತ್ತದೆ. ಮುಂದೆ ಲಾಹೋರಿನಲ್ಲಿದ್ದಾಗ ಬಾದಶಹನಿಗಾಗಿ ಉತ್ತರದ ಪರ್ವತಗಳಿಂದ ಮಂಜುಗಡ್ಡೆಯನ್ನು ತರಿಸುತ್ತಿದ್ದರು. ಅಲಹಾಬಾದಿನ ಸುತ್ತಮುತ್ತ ಚಳಿಗಾಲದ ನಿರ್ಮಲವಾದ ರಾತ್ರಿಗಳಲ್ಲಿ ಆಳವಿಲ್ಲದ ಮಣ್ಣಿನ ತಟ್ಟೆಗಳಲ್ಲಿ ನೀರಿಟ್ಟು, ಬೆಳಗಾಗುವುದರೊಳಗೆ ಅದನ್ನು ಹೆಪ್ಪುಗಟ್ಟಿಸುತ್ತಿದ್ದ ಕುಶಲಿಗಳ ವಿಚಾರವನ್ನು ರಾಬರ್ಟ್ ಬಾರ್ಕರ್ ಎಂಬವನು 1775ರಲ್ಲಿ ಬರೆದಿದ್ದಾನೆ.

ಇದಕ್ಕಿಂತಲೂ ವಿಸ್ಮಯಕರವಾದುದು ಹಡಗಿನ ಮಂಜಿನ ಕಥೆ. ಅಮೆರಿಕದ ಬಾಸ್ಟನ್ ನಗರದ ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕನು ಅಲ್ಲಿನ ಸರೋವರಗಳಲ್ಲಿ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರನ್ನು ಗಡ್ಡೆಗಡ್ಡೆಯಾಗಿ ಕೊಯ್ಯಿಸಿ, ಶಾಖ ತಾಕದಂತೆ ಒತ್ತಾಗಿ ಹೊದಿಸಿ ಹಡಗಿಗೆ ತುಂಬಿದನು. 1833ರಲ್ಲಿ ಹೊರಟ ಆ ಹಡಗು ಸುಮಾರು ನಾಲ್ಕು ತಿಂಗಳು ಸಾಗರಗಳನ್ನು ದಾಟಿ ಕಲ್ಕತ್ತೆಯನ್ನು ಸೇರಿತು. ದಾರಿಯಲ್ಲಿ ಒಂದಷ್ಟು ಕರಗಿದರೂ ಹೆಚ್ಚಿನ ಪಾಲು ಗಟ್ಟಿಯಾಗಿಯೇ ಉಳಿದಿತ್ತು. ಇಂಥ ಮಂಜನ್ನು ಕೂಡಿಡಲು 1842ರಲ್ಲಿ ಮದರಾಸಿನ ಕಡಲತಡಿಯಲ್ಲಿ ಕಟ್ಟಿದ ಮಂಜಿನ ಮನೆ ಇಂದಿಗೂ ನಿಂತಿದೆ. 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದುದು ಅದೇ ಕಟ್ಟಡದಲ್ಲಿ; ಅವರ ನೆನಪಿಗಾಗಿ ಈಗ ಅದನ್ನು ವಿವೇಕಾನಂದರ್ ಇಲ್ಲಂ ಎಂದು ಕರೆಯುತ್ತಾರೆ.

ಚಕ್ರವರ್ತಿಗಳಿಗೂ ಸಿರಿವಂತರಿಗೂ ಮೀಸಲಾಗಿದ್ದ ಆ ಸುಖ ಇಂದು ಸಾಮಾನ್ಯರ ಅಡುಗೆಮನೆಗೆ ಬಂದಿದೆ. ಎಷ್ಟೋ ಮನೆಗಳಲ್ಲಿ ರೆಫ್ರಿಜರೇಟರು ಇದೆ. ಅದರ ಹಿಂಬದಿಗೋ ಪಕ್ಕಕ್ಕೋ ಕೈ ಹಿಡಿದು ನೋಡಿದರೆ ಬೆಚ್ಚನೆಯ ಅನುಭವವಾಗುತ್ತದೆ. ಒಳಗಿರಿಸಿದ ಪದಾರ್ಥಗಳ ಶಾಖವನ್ನೇ ಆ ಯಂತ್ರ ಹೀರಿ ಹೊರಗೆ ಚೆಲ್ಲುತ್ತಿರುತ್ತದೆ. ಗಡಿಗೆ ಮಾಡುವ ಕೆಲಸವನ್ನೇ ಅದು ಹೆಚ್ಚು ಬಲವಾಗಿ ಮಾಡುತ್ತದೆ.

ಈಗ ಮಂಜುಪಾನಕವನ್ನು ಮಾಡುವ ಕ್ರಮವನ್ನು ನೋಡೋಣ. ಮಾವಿನ ಕಾಲವಾದುದರಿಂದ ಮಾವಿನಹಣ್ಣನ್ನೇ ಆರಿಸಿಕೊಳ್ಳಬಹುದು. ಇದಕ್ಕೆ ರಸ ಹೆಚ್ಚಾಗಿರುವ ರಸಪುರಿ ಬಹಳ ಚೆನ್ನ. ಹಣ್ಣುಗಳನ್ನೂ ಕೈಗಳನ್ನೂ ಚೆನ್ನಾಗಿ ತೊಳೆದುಕೊಂಡು, ರಸವನ್ನು ಹಿಂಡಿ, ನಾರನ್ನು ಸೋಸಿ ತೆಗೆದು ಎರಡು ಲೋಟದಷ್ಟು ರಸವನ್ನು ಸಿದ್ಧಮಾಡಿಕೊಳ್ಳಬೇಕು. ಒಂದು ಲೋಟ ನೀರಿಗೆ ಅರ್ಧ ಲೋಟ ಸಕ್ಕರೆ ಹಾಕಿ ಕೊತಕೊತನೆ ಕುದಿಸಿ, ಮುಚ್ಚಿಟ್ಟು ಆರಿಸಬೇಕು. ಪೂರ್ಣವಾಗಿ ಆರಿದ ಮೇಲೆ ರಸವನ್ನು ಸೇರಿಸಿ, ಒಂದು ನಿಂಬೆಹಣ್ಣಿನ ರಸ, ಒಂದು ಚಿಟಿಕೆ ಉಪ್ಪು, ಎರಡು ಏಲಕ್ಕಿಯ ಪುಡಿ ಬೆರೆಸಬೇಕು. ಈ ಮಿಶ್ರಣವನ್ನು ಅಗಲವಾದ ಸ್ಟೀಲು ಪಾತ್ರೆಗೆ ಸುರಿದು, ಮುಚ್ಚಿ, ರೆಫ್ರಿಜರೇಟರಿನಲ್ಲಿ ಫ್ರೀಜರು ಎಂದು ಕರೆಯುವ ಭಾಗದಲ್ಲಿ ಇಡಬೇಕು. ಪಾತ್ರೆ ಅಗಲವಾಗಿದ್ದಷ್ಟೂ ಶಾಖ ಬೇಗ ಹೊರಹೋಗುತ್ತದೆ.

ಮುಕ್ಕಾಲು ಗಂಟೆಯ ಬಳಿಕ ತೆರೆದರೆ ಅಂಚಿನಲ್ಲಿ ಮಂಜು ಕಟ್ಟಿರುವುದು ಕಾಣುತ್ತದೆ. ಶುಚಿಯಾದ ಮುಳ್ಳುಚಮಚದಿಂದ ಅದನ್ನು ಕೆರೆದು ನಡುವಿನ ರಸದೊಡನೆ ಕಲಸಿ ಮತ್ತೆ ಒಳಗಿಡಬೇಕು. ಅರ್ಧ ಗಂಟೆಗೊಮ್ಮೆ ಹೀಗೆ ನಾಲ್ಕೈದು ಸಲ ಮಾಡಿದರೆ ಪಾನಕವು ಮರಳಿನಂತೆ ನವುರಾದ ಹರಳುಗಳಾಗಿ ಸಿದ್ಧವಾಗುತ್ತದೆ. ಲೋಟಕ್ಕೆ ಹಾಕಿ, ಕುದಿಸಿ ತಣಿಸಿದ ನೀರನ್ನು ಸ್ವಲ್ಪ ಬೆರೆಸಿದರೆ ಕುಡಿಯಲು ಹದವಾಗುತ್ತದೆ. ಮುರುಗಲಿನ ಒಣಸಿಪ್ಪೆಯನ್ನು ಕುದಿಸಿದ ನೀರಿನಲ್ಲಿ ನೆನೆಸಿ ತೆಗೆದ ರಸದಿಂದಲೂ ಇದೇ ಕ್ರಮದಲ್ಲಿ ಮಂಜುಪಾನಕ ಮಾಡಬಹುದು.

ಕಲಸದೆ ಹಾಗೆಯೇ ಬಿಟ್ಟರೆ ಆಗದೇ ಎಂದು ನೀವು ಕೇಳಬಹುದು. ರಸವು ಹೆಪ್ಪುಗಟ್ಟುವಾಗ ಅದರಲ್ಲಿರುವ ನೀರು ಮೊದಲು ಹರಳಾಗುತ್ತದೆ. ಸಕ್ಕರೆಯ ಅಂಶ ದ್ರವದಲ್ಲಿಯೇ ಉಳಿಯುತ್ತದೆ. ಅಲುಗಿಸದೆ ಬಿಟ್ಟರೆ ಹರಳುಗಳು ದೊಡ್ಡದಾಗಿ ಬೆಳೆದು ಒಂದಕ್ಕೊಂದು ಬೆಸೆದು ಕಲ್ಲಿನಂತಾಗುತ್ತವೆ. ಪದೇ ಪದೇ ಕೆರೆದಾಗ ಅವು ಚಿಕ್ಕವಾಗಿಯೇ ಉಳಿಯುತ್ತವೆ. ಸಕ್ಕರೆಗೂ ಇಲ್ಲಿ ಎರಡು ಕೆಲಸಗಳುಂಟು. ಸಿಹಿ ಕೊಡುವುದು ಒಂದು. ಹರಳುಗಳ ನಡುವೆ ಪಾಕವಾಗಿ ಉಳಿದು ಪಾನಕವು ಗಡಸಾಗದಂತೆ ತಡೆಯುವುದು ಇನ್ನೊಂದು. ತೀರ ತಣ್ಣಗಿರುವ ಪದಾರ್ಥದಲ್ಲಿ ನಾಲಿಗೆಗೆ ಸಿಹಿ ಕಡಮೆಯಾಗಿ ತೋರುವುದರಿಂದ, ಬಾಯಿಗೆ ಹಿತವಾದ ಮಂಜುಪಾನಕ ಕರಗಿದ ಮೇಲೆ ಅತಿ ಸಿಹಿಯೆನಿಸುತ್ತದೆ.

ರೆಫ್ರಿಜರೇಟರು ಇಲ್ಲದವರು ನಿರಾಶರಾಗಬೇಕಾಗಿಲ್ಲ. ಬಿಗಿಯಾದ ಮುಚ್ಚಳವುಳ್ಳ ಸ್ಟೀಲು ಡಬ್ಬಿಯಲ್ಲಿ ಮುಕ್ಕಾಲು ಪಾಲು ಮಾತ್ರ ರಸ ತುಂಬಿ, ಅದನ್ನು ಒಂದು ಬಕೆಟಿನ ನಡುವೆ ಇಡಬೇಕು. ಮೂರು ಪಾಲು ತೂಕದ ಮಂಜುಗಡ್ಡೆಯನ್ನು ಪುಡಿಮಾಡಿ, ಒಂದು ಪಾಲು ಕಲ್ಲುಪ್ಪನ್ನು ಬೆರೆಸಿ ಡಬ್ಬಿಯ ಸುತ್ತ ತುಂಬಬೇಕು. ಮುಚ್ಚಳದವರೆಗೆ ಅದು ಏರಬಾರದು. ಬಕೆಟಿಗೆ ಗೋಣಿಚೀಲ ಸುತ್ತಿ, ಡಬ್ಬಿಯನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸುತ್ತಿರಬೇಕು. ಆಗಾಗ ಮುಚ್ಚಳವನ್ನು ಒರೆಸಿ ತೆರೆದು ಒಳಗಿನ ಅಂಚನ್ನು ಕೆರೆಯಬೇಕು. ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯೊಳಗೆ ರಸ ಹೆಪ್ಪುಗಟ್ಟತೊಡಗುತ್ತದೆ. ಅಮೆರಿಕದ ನ್ಯಾನ್ಸಿ ಜಾನ್ಸನ್ ಎಂಬ ಮಹಿಳೆ ಇದೇ ತತ್ತ್ವಕ್ಕೆ ಕೈಹಿಡಿಯನ್ನೂ ಅಲಗುಗಳನ್ನೂ ಜೋಡಿಸಿದ ಯಂತ್ರಕ್ಕೆ 1843ರಲ್ಲಿ ಹಕ್ಕುಪತ್ರ ಪಡೆದಳು.

ಉಪ್ಪಿಗೆ ಈ ಶಕ್ತಿ ಎಲ್ಲಿಂದ ಬಂತು? ಶುದ್ಧವಾದ ಮಂಜು ಸೊನ್ನೆ ಡಿಗ್ರಿಯಲ್ಲಿ ಕರಗುತ್ತದೆ. ಉಪ್ಪು ಸೇರಿದಾಗ ಇನ್ನೂ ಕಡಮೆ ಉಷ್ಣತೆಯಲ್ಲಿಯೇ ಕರಗತೊಡಗುತ್ತದೆ. ಒಂದು ಗ್ರಾಂ ಮಂಜು ಕರಗಲು ಸುಮಾರು 80 ಕ್ಯಾಲೊರಿ ಶಾಖ ಬೇಕು. ಆ ಶಾಖವನ್ನು ಅದು ತನ್ನ ಸುತ್ತಣ ವಸ್ತುಗಳಿಂದಲೂ ಡಬ್ಬಿಯ ರಸದಿಂದಲೂ ಸೆಳೆದುಕೊಳ್ಳುತ್ತದೆ. ಉಪ್ಪುಮಂಜಿನ ಉಷ್ಣತೆ ಸೊನ್ನೆಗಿಂತ 21 ಡಿಗ್ರಿ ಕೆಳಗಿನವರೆಗೂ ಇಳಿಯಬಲ್ಲದು. ಆದ್ದರಿಂದ ಅದನ್ನು ಬರಿಗೈಯಿಂದ ಮುಟ್ಟಕೂಡದು. ಸುಟ್ಟ ಗಾಯದಂತೆಯೇ ಚರ್ಮಕ್ಕೆ ಹಾನಿಯಾದೀತು.

ಈಗ ಮುಖ್ಯವಾದ ಮಾತಿಗೆ ಬರೋಣ. ಅಕ್ಬರನ ಹೂಜಿಯಲ್ಲಿಯೂ ನಮ್ಮ ಸ್ಟೀಲು ಡಬ್ಬಿಯಲ್ಲಿಯೂ ಒಂದು ಸಮಾನ ಗುಣವಿದೆ. ತಣಿಸುವ ವಸ್ತು ಹೊರಗಿದೆ. ಕುಡಿಯುವ ವಸ್ತು ಒಳಗಿದೆ. ಪಾತ್ರೆಯ ಗೋಡೆಯನ್ನು ಶಾಖ ದಾಟುತ್ತದೆ, ಕೊಳೆ ದಾಟುವುದಿಲ್ಲ. ಪೇಟೆಯಲ್ಲಿ ಮಾರುವ ಮಂಜುಗಡ್ಡೆಯಲ್ಲಿ ಬಹುಪಾಲನ್ನು ಮೀನು ಮೊದಲಾದವು ಕೆಡದಂತಿಡಲು ತಯಾರಿಸುತ್ತಾರೆ, ತಿನ್ನುವುದಕ್ಕೆಂದಲ್ಲ. ಅದನ್ನು ಗೋಣಿಯ ಮೇಲೆ ಎಳೆಯುತ್ತಾರೆ, ನೆಲದ ಮೇಲೆ ಒಡೆಯುತ್ತಾರೆ. ಅದು ಡಬ್ಬಿಯ ಹೊರಗಿದ್ದರೆ ನಮ್ಮ ಸೇವಕ. ಲೋಟದೊಳಗೆ ಬಿದ್ದರೆ ಶತ್ರು.

ಮಂಜಿನಲ್ಲಿ ಕ್ರಿಮಿಗಳು ಸಾಯುತ್ತವೆಂಬ ನಂಬಿಕೆ ಅನೇಕರಲ್ಲಿದೆ. ಅದು ತಪ್ಪು. ಕುದಿಸಿದರೆ ರೋಗಾಣುಗಳು ಸಾಯುತ್ತವೆ. ಹೆಪ್ಪುಗಟ್ಟಿಸಿದರೆ ಕೆಲವು ಸತ್ತರೂ ಎಷ್ಟೋ ರೋಗಾಣುಗಳು ಸುಮ್ಮನೆ ತಡೆದು ಕುಳಿತಿರುತ್ತವೆ. ಮಂಜು ಕರಗಿದೊಡನೆ ಅವು ಮತ್ತೆ ತಮ್ಮ ಕೆಲಸಕ್ಕೆ ತೊಡಗುತ್ತವೆ. ವಿಷಮಶೀತಜ್ವರ, ಕಾಮಾಲೆಗಳ ರೋಗಾಣುಗಳು ಇಂಥವು. ಮಂಜು ಕಾಯ್ದಿಡುತ್ತದೆ, ಶುದ್ಧಿಮಾಡುವುದಿಲ್ಲ. ಒಳ್ಳೆಯ ನೀರಿನ ಒಳಿತನ್ನೂ ಕೆಟ್ಟ ನೀರಿನ ಕೆಡುಕನ್ನೂ ಅದು ಸಮನಾಗಿಯೇ ಕಾಯುತ್ತದೆ.

ಈ ತಪ್ಪು ಬಹುಕಾಲ ಉಳಿದು ಬರಲು ಒಂದು ಕಾರಣವಿದೆ. ನಾನು ಅಧ್ಯಾಪಕನಾಗಿದ್ದ ಒಂದು ಊರಿನಲ್ಲಿ ಜಾತ್ರೆ ಕಳೆದು ಸುಮಾರು ಒಂದು ತಿಂಗಳಿಗೆ ತರಗತಿಯ ಐದಾರು ಮಂದಿ ಹುಡುಗರು ಕಾಮಾಲೆಯಿಂದ ಮಲಗಿದರು. ಅವರಲ್ಲಿ ಒಬ್ಬ ಬುದ್ಧಿವಂತ ಬಾಲಕನಿಗೆ ಆ ವರ್ಷದ ಪರೀಕ್ಷೆ ತಪ್ಪಿಹೋಯಿತು. ಹಿಂದಿನ ದಿನ ತಿಂದದ್ದೇನು ಎಂದು ಮನೆಯವರು ವಿಚಾರಿಸಿದರೇ ಹೊರತು ಹಿಂದಿನ ತಿಂಗಳು ಕುಡಿದದ್ದೇನು ಎಂದು ಯಾರೂ ಕೇಳಲಿಲ್ಲ. ನೀರಿನಿಂದ ಹರಡುವ ಕಾಮಾಲೆಯು ರೋಗಾಣು ದೇಹವನ್ನು ಸೇರಿದ ಎರಡರಿಂದ ಏಳು ವಾರಗಳ ಬಳಿಕ ಕಾಣಿಸಿಕೊಳ್ಳುತ್ತದೆ. ಆ ಜಾತ್ರೆಯಲ್ಲಿ ಕೆಡುಕನ್ನು ಮಾಡಿದುದು ಬಣ್ಣದ ಮಂಜೋ ಬಾವಿಯ ನೀರೋ ನಿರ್ಣಯಿಸುವ ಮಾರ್ಗವೇ ಉಳಿದಿರಲಿಲ್ಲ. ಕಾರಣವೂ ಕಾರ್ಯವೂ ಇಷ್ಟು ದೂರವಾದಾಗ ಅನುಭವ ಮಾತ್ರದಿಂದ ಪಾಠ ಕಲಿಯಲಾಗುವುದಿಲ್ಲ. ಅಲ್ಲಿ ತಿಳಿವಳಿಕೆಯೇ ನಮ್ಮನ್ನು ಕಾಯಬೇಕು.

ಮಾಡುವವರು ಮೂರು ನಿಯಮಗಳನ್ನು ಪಾಲಿಸಿದರೆ ಸಾಕು. ಪಾನಕಕ್ಕೆ ಸೇರುವ ನೀರೆಲ್ಲ ಕುದಿದು ಆರಿದುದಾಗಿರಲಿ. ಹಣ್ಣು, ಕೈ, ಪಾತ್ರೆಗಳು ಶುಚಿಯಾಗಿರಲಿ. ಒಮ್ಮೆ ಪೂರ್ತಿ ಕರಗಿದುದನ್ನು ಮತ್ತೆ ಹೆಪ್ಪುಗಟ್ಟಿಸಿ ಕೊಡದಿರಿ. ಕುಡಿಯುವವರಿಗೂ ಒಂದು ಮಾತಿದೆ. ಮಂಜುಪಾನಕ ನಾಲಿಗೆಯ ಸಂತೋಷಕ್ಕೆ ಹೌದು. ದಣಿದ ದೇಹಕ್ಕೆ ಮೊದಲು ಬೇಕಾದುದು ಶುದ್ಧವಾದ ನೀರು. ಸಿಹಿ ಮಿತವಾಗಿದ್ದರೆ ಒಳ್ಳೆಯದು. ಬಿಸಿಲಿನ ಹೊಡೆತಕ್ಕೆ ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ನೆರಳಿಗೆ ಒಯ್ದು, ಮೈಯನ್ನು ನೀರಿನಿಂದ ತೋಯಿಸಿ ಗಾಳಿ ಬೀಸುತ್ತ, ತಡಮಾಡದೆ ವೈದ್ಯರಲ್ಲಿಗೆ ಸಾಗಿಸಬೇಕು.

ಅರವಟ್ಟಿಗೆಯಲ್ಲಿ ನೀರೆರೆಯುತ್ತಿದ್ದವರು ಬಾಯಾರಿದವರ ಕುಲಗೋತ್ರಗಳನ್ನು ಕೇಳದೆ ನೀರು ಕೊಟ್ಟಾಗ ಆ ಕಾರ್ಯ ನಿಜವಾಗಿ ದೊಡ್ಡದಾಗುತ್ತಿತ್ತು. ಕುಡಿಯುವವನು ಲೋಟದೊಳಗಿನ ನೀರನ್ನು ಪರೀಕ್ಷಿಸಲಾರ. ಕೊಡುವವನ ಮೇಲೆ ವಿಶ್ವಾಸವಿಟ್ಟು ಕುಡಿಯುತ್ತಾನೆ. ನಿಮ್ಮ ಮನೆಗೆ ಬಿಸಿಲಿನಲ್ಲಿ ಅಂಚೆಯವರು ಬರಬಹುದು, ತರಕಾರಿ ಮಾರುವವರು ಬರಬಹುದು, ನೆರೆಮನೆಯ ಮಕ್ಕಳು ಬರಬಹುದು. ಅವರ ಕೈಗೆ ನೀವು ಕೊಡುವ ಲೋಟವು ತಂಪಾಗಿರಲಿ. ತಂಪಾಗುವ ಮೊದಲು ಅದು ಶುಚಿಯಾಗಿರಲಿ.