ಹೊರಗೆ ಹಿಮ, ಒಳಗೆ ಸ್ಕೇಟ್‌ಬೋರ್ಡ್: ಮಾಂಟ್ರಿಯಲ್‌ಗೆ ಹೊರಟವರಿಗೆ

ಜನವರಿಯಲ್ಲಿ ಮಾಂಟ್ರಿಯಲ್‌ಗೆ ಹೊರಟಿದ್ದೇವೆ, ಜೊತೆಗೆ ಬರುವ ಹತ್ತು ವರ್ಷದ ಮಗುವಿಗೆ ಸ್ಕೇಟ್‌ಬೋರ್ಡ್ ಕಲಿಸಬೇಕು ಎಂದರೆ ಅಲ್ಲಿರುವ ನೆಂಟರು ಹೇಳುವುದು ಒಂದೇ ಮಾತು: ‘ಜೂನ್‌ನಲ್ಲಿ ಬನ್ನಿ.’ ನಾನು ಇದನ್ನು ಒಪ್ಪುವುದಿಲ್ಲ. ಬೇಸಿಗೆಯಲ್ಲಿ ಬಯಲಿನ ಸ್ಕೇಟ್‌ಪಾರ್ಕುಗಳ ತುಂಬ ಪಳಗಿದವರೇ ಇರುತ್ತಾರೆ. ಅವರ ವೇಗ ಕಂಡು ಹೊಸ ಮಗು ಅಂಚಿನಲ್ಲೇ ನಿಂತುಬಿಡುತ್ತದೆ. ಚಳಿಗಾಲದ ಒಳಾಂಗಣದಲ್ಲಾದರೆ ಗೊತ್ತಾದ ವೇಳೆ, ನಯವಾದ ನೆಲ, ಕೈಹಿಡಿದು ನಿಲ್ಲಿಸುವ ಶಿಕ್ಷಕರು ಮೂರೂ ಸಿಗುತ್ತವೆ. ನನ್ನ ತಂಗಿಯ ಮಗಳು ಮೊದಲ ಸಲ ಬೋರ್ಡ್ ಮೇಲೆ ನಿಂತದ್ದು ಅಲ್ಲಿಯ ಫೆಬ್ರುವರಿಯಲ್ಲೇ.

ಹೊರಗೆ ಆಡಿಸುವ ಯೋಚನೆಯನ್ನಂತೂ ಬಿಟ್ಟುಬಿಡಿ. ಜನವರಿಯ ಸರಾಸರಿ ಉಷ್ಣಾಂಶ ಮೈನಸ್ 10 ಡಿಗ್ರಿಯ ಆಸುಪಾಸು, ಒಂದು ಚಳಿಗಾಲಕ್ಕೆ ಬೀಳುವ ಹಿಮ ಸುಮಾರು ಎರಡು ಮೀಟರ್. ಹಿಮ ಎತ್ತಿದ ರಸ್ತೆಯೂ ಬೋರ್ಡಿಗೆ ಒಳ್ಳೆಯದಲ್ಲ. ಕರಗಲೆಂದು ಹಾಕಿದ ಉಪ್ಪು ಬೇರಿಂಗಿಗೆ ತುಕ್ಕು ಹಿಡಿಸುತ್ತದೆ, ಜಾರದಿರಲೆಂದು ಚೆಲ್ಲಿದ ಸಣ್ಣ ಜಲ್ಲಿಗೆ ಚಕ್ರ ಸಿಕ್ಕಿದರೆ ಬೋರ್ಡ್ ಅಲ್ಲೇ ನಿಲ್ಲುತ್ತದೆ, ಸವಾರ ಮುಂದಕ್ಕೆ ಬೀಳುತ್ತಾನೆ. ಏಪ್ರಿಲ್‌ನಲ್ಲಿ ಬಿಸಿಲು ಬಂದರೂ ಆ ಜಲ್ಲಿ ಗುಡಿಸಿ ಮುಗಿದಿರುವುದಿಲ್ಲ.

ಮೊದಲು ವಿಚಾರಿಸಬೇಕಾದ ಜಾಗ ಟಾಜ್ ಎಂಬ ಒಳಾಂಗಣ ಸ್ಕೇಟ್‌ಪಾರ್ಕ್. ನಗರದ ಉತ್ತರಕ್ಕೆ, ಸೇಂಟ್ ಮಿಶೆಲ್ ಭಾಗದ ಪಾಪಿನೋ ರಸ್ತೆಯಲ್ಲಿದೆ. 1990ರ ದಶಕದಲ್ಲಿ ಇದು ಊರಿನ ನಡುವೆ ಬೆರ್ರಿ ಬೀದಿಯ ಹಳೆಯ ವಾಣಿಜ್ಯ ಭವನದಲ್ಲಿತ್ತು. ಆಗಿನ ಹೆಸರು ಟಾಜ್‌ಮಹಲ್, ನಮ್ಮ ತಾಜ್‌ಮಹಲಿನ ಹೆಸರನ್ನೇ ತುಸು ತಿರುಗಿಸಿ ಇಟ್ಟದ್ದು. ಆ ಜಾಗದಲ್ಲಿ ಕ್ವಿಬೆಕ್‌ನ ದೊಡ್ಡ ಸಾರ್ವಜನಿಕ ಗ್ರಂಥಾಲಯ ಕಟ್ಟಲು 2001ರಲ್ಲಿ ತೆರವು ಮಾಡಿಸಿದರು. ಹುಡುಗರು ಎಂಟು ಚಳಿಗಾಲ ಕಾದ ಮೇಲೆ 2009ರಲ್ಲಿ ಈಗಿನ ಕಟ್ಟಡ ತೆರೆಯಿತು. ಲಾಭಕ್ಕಾಗಿ ನಡೆಯುವ ಸಂಸ್ಥೆಯಲ್ಲ ಎನ್ನುವುದು ನನಗೆ ಇದರಲ್ಲಿ ಹಿಡಿಸಿದ ಸಂಗತಿ. ಪಾಪಿನೋ ಮೆಟ್ರೊ ನಿಲ್ದಾಣದಿಂದ 45ನೇ ನಂಬರಿನ ಬಸ್ ಅದೇ ರಸ್ತೆಯಲ್ಲಿ ಉತ್ತರಕ್ಕೆ ಹೋಗುತ್ತದೆ. ಪಕ್ಕದಲ್ಲೇ ಫ್ರೆಡೆರಿಕ್ ಬಾಕ್ ಉದ್ಯಾನ. ಸುಣ್ಣಕಲ್ಲಿನ ಗಣಿಯಾಗಿದ್ದು, ಆಮೇಲೆ ಇಡೀ ಊರಿನ ಕಸ ಸುರಿಯುವ ಗುಂಡಿಯಾಗಿದ್ದ ನೆಲ ಅದು. ಹಿಮದ ನಡುವೆ ಅಲ್ಲಲ್ಲಿ ಕಾಣುವ ಬಿಳಿ ಗೋಳಗಳು ಕಸದಿಂದೇಳುವ ಅನಿಲ ಹಿಡಿಯುವ ಬಾವಿಗಳ ಮುಚ್ಚಳ. ತರಗತಿಗೆ ಮುಂಚೆ ಅರ್ಧ ಗಂಟೆ ಉಳಿದರೆ ಮಗುವಿಗೆ ತೋರಿಸಿ.

ಊರು ಫ್ರೆಂಚ್ ಮಾತಾಡುತ್ತದೆ. ಇಂಗ್ಲಿಷಿನಲ್ಲಿ ಕೇಳಿದರೂ ಉತ್ತರ ಸಿಗುತ್ತದೆ, ಆದರೆ ವೇಳಾಪಟ್ಟಿ ಓದಲು ಎರಡು ಮೂರು ಮಾತು ಗೊತ್ತಿರಲಿ. ಸ್ಕೇಟ್‌ಬೋರ್ಡಿಗೆ ‘ಪ್ಲಾಂಶ್ ಆ ರುಲೆತ್’, ಹೊಸಬರಿಗೆ ‘ದೆಬ್ಯುತಾಂ’. ಎಲ್ಲಕ್ಕಿಂತ ಮುಖ್ಯವಾದದ್ದು ‘ರೆಲಾಶ್’: ಫೆಬ್ರುವರಿ ಕೊನೆ ಅಥವಾ ಮಾರ್ಚ್ ಮೊದಲಿಗೆ ಕ್ವಿಬೆಕ್ ಶಾಲೆಗಳಿಗೆ ಸಿಗುವ ಒಂದು ವಾರದ ರಜೆ. ಆ ವಾರ ಊರಿನ ಮಕ್ಕಳೆಲ್ಲ ಒಳಾಂಗಣಕ್ಕೇ ಬರುತ್ತಾರೆ. ನಿಮ್ಮ ಪ್ರವಾಸ ಆ ವಾರಕ್ಕೇ ಬಿದ್ದರೆ ವಿಮಾನದ ಟಿಕೆಟ್ ಕೊಂಡ ದಿನವೇ ತರಗತಿಯನ್ನೂ ಕಾದಿರಿಸಿ. ವೇಳೆ, ಶುಲ್ಕ ಎರಡೂ ಋತುವಿನಿಂದ ಋತುವಿಗೆ ಬದಲಾಗುವುದರಿಂದ ಹೊರಡುವ ಮೊದಲು ಇನ್ನೊಮ್ಮೆ ವಿಚಾರಿಸಿ.

ಹಣ ಕಟ್ಟುವ ಮೊದಲು ನಾನು ಕೇಳುವ ಪ್ರಶ್ನೆಗಳಿವು. ಒಬ್ಬ ಶಿಕ್ಷಕರ ಕೈಯಲ್ಲಿ ಎಷ್ಟು ಮಕ್ಕಳು? ಬೋರ್ಡ್, ಹೆಲ್ಮೆಟ್, ಪ್ಯಾಡ್ ಅವರೇ ಕೊಡುತ್ತಾರೋ, ಬಾಡಿಗೆಯೋ? ಕಲಿಸುವ ಹೊತ್ತಿನಲ್ಲಿ ನೆಲ ಹೊಸಬರಿಗಷ್ಟೇ ಮೀಸಲೋ, ಸ್ಕೂಟರ್ ಮತ್ತು ಸೈಕಲ್ಲಿನವರೂ ಅಲ್ಲೇ ಓಡಾಡುತ್ತಾರೋ? ಈ ಕೊನೆಯ ಪ್ರಶ್ನೆಯನ್ನು ಮಾತ್ರ ಬಿಡಲೇಬೇಡಿ. ಬೀಳುವುದನ್ನು ಮಕ್ಕಳು ಬೇಗ ಕಲಿಯುತ್ತಾರೆ. ಹಿಂದಿನಿಂದ ಯಾರೋ ಬಂದು ಡಿಕ್ಕಿ ಹೊಡೆದರೆ ಹುಟ್ಟುವ ಭಯ ಬೇಗ ಹೋಗುವುದಿಲ್ಲ.

ಒಂದೇ ತರಗತಿ ಸಾಲದು, ಮೂರಾದರೂ ಇರಲಿ. ಮೊದಲ ದಿನ ಯಾವ ಕಾಲು ಮುಂದೆ ಎಂದು ಗೊತ್ತುಮಾಡಿಕೊಂಡು, ನಿಂತು, ಒಂದು ಕಾಲಲ್ಲಿ ತಳ್ಳುವುದಕ್ಕೇ ಹೊತ್ತು ಮುಗಿಯುತ್ತದೆ. ಎಡಗಾಲು ಮುಂದಿದ್ದರೆ ರೆಗ್ಯುಲರ್, ಬಲಗಾಲು ಮುಂದಿದ್ದರೆ ಗೂಫಿ; ಎರಡೂ ಸರಿ, ಮಗುವಿನ ಕಾಲಿಗೆ ಒಗ್ಗಿದ್ದೇ ಸರಿ. ತಿರುಗುವುದು, ನಿಲ್ಲಿಸುವುದು ಎರಡನೆಯ ದಿನಕ್ಕೆ. ಸಣ್ಣ ಇಳಿಜಾರಿನಿಂದ ಇಳಿಯುವ ಸುಖ ಸಿಗುವುದು ಮೂರನೆಯ ಸಲಕ್ಕೆ. ದಿನ ಬಿಟ್ಟು ದಿನ ಹೋಗಿ, ಕಣಕಾಲಿಗೆ ವಿಶ್ರಾಂತಿ ಬೇಕು.

ಊರಿನಿಂದ ಬೋರ್ಡ್ ಹೊತ್ತೊಯ್ಯಬೇಡಿ. ಒಳ್ಳೆಯ ಬೋರ್ಡಿನ ಹಲಗೆ ಏಳು ಪದರದ ಮೇಪಲ್ ಮರದ್ದು. ಚಳಿನಾಡಿನಲ್ಲಿ ನಿಧಾನವಾಗಿ ಬೆಳೆಯುವುದರಿಂದ ಆ ಮರ ಗಟ್ಟಿ, ಕೆನಡಾ ಅದರದೇ ನಾಡು. ಮಗುವಿಗೆ ಆಸೆ ನಿಂತದ್ದು ಖಾತ್ರಿಯಾದ ಮೇಲೆ ಅಲ್ಲೇ ಕೊಳ್ಳಿ. ಚೀಟಿಯ ಮೇಲಿನ ಬೆಲೆಗೆ ತೆರಿಗೆ ಸುಮಾರು 15 ಶೇಕಡ ಸೇರುತ್ತದೆ ಎಂಬುದು ನೆನಪಿರಲಿ. ಇಲ್ಲಿಂದ ಒಯ್ಯಬೇಕಾದದ್ದು ಪ್ರವಾಸ ವಿಮೆ. ಕ್ವಿಬೆಕ್‌ನ ಸರಕಾರಿ ಆರೋಗ್ಯ ವಿಮೆ ಪ್ರವಾಸಿಗಳಿಗೆ ಅನ್ವಯಿಸುವುದಿಲ್ಲ, ಒಂದು ಮಣಿಕಟ್ಟಿನ ಎಕ್ಸ್‌ರೇಗೂ ಕೈಯಿಂದಲೇ ಕೊಡಬೇಕು. ಸ್ಕೇಟ್‌ಬೋರ್ಡಿನಲ್ಲಾದ ಪೆಟ್ಟಿಗೆ ವಿಮೆ ಉಂಟೇ ಎಂದು ಕೇಳಿ, ಬರೆಸಿಕೊಂಡೇ ಹೊರಡಿ.

ಬಿಡುವಿದ್ದ ದಿನ ಒಲಿಂಪಿಕ್ ಉದ್ಯಾನಕ್ಕೆ ಹೋಗಿ ‘ಬಿಗ್ ಓ’ ನೋಡಿ. 1976ರ ಒಲಿಂಪಿಕ್ಸ್‌ನಲ್ಲಿ ಆಟಗಾರರು ಕ್ರೀಡಾಂಗಣಕ್ಕೆ ಬರಲೆಂದು ಕಟ್ಟಿದ ಕಾಂಕ್ರೀಟ್ ಕೊಳವೆ ಅದು. ಕ್ರೀಡಾಕೂಟ ಮುಗಿದ ಮೇಲೆ ಸ್ಕೇಟರ್‌ಗಳು ಅದನ್ನು ತಮ್ಮದಾಗಿಸಿಕೊಂಡರು. ಪಕ್ಕದ ಫುಟ್‌ಬಾಲ್ ಮೈದಾನ ದೊಡ್ಡದು ಮಾಡುವಾಗಲೂ ಅವರ ಒತ್ತಾಯಕ್ಕೆ ಮಣಿದು, ಕೆಡವದೆ ಎತ್ತಿ ಸ್ವಲ್ಪ ದೂರಕ್ಕೆ ಸರಿಸಿದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕೆನಡಾ ಪರವಾಗಿ ಸ್ಕೇಟ್‌ಬೋರ್ಡ್ ಆಡಿದ ಆನಿ ಗುಲ್ಯಾ ಈ ಊರಿನವರು. ಈ ಹೆಸರನ್ನು ಹೆಣ್ಣುಮಕ್ಕಳಿಗೆ ಹೇಳಿ.

ತರಗತಿಯ ದಿನ ಹಿಮದ ಬೂಟು ಹಾಕಿಕೊಂಡು ಹೋಗಿ, ಸಪಾಟು ಅಟ್ಟೆಯ ಶೂ ಚೀಲದಲ್ಲಿರಲಿ. ಇನ್ನೊಂದು ಒಣ ಬನಿಯನ್ನೂ ಇಡಿ. ಒಳಗೆ ಮಗು ಬೆವರಿ ತೊಯ್ದಿರುತ್ತದೆ, ಹೊರಗೆ ಬಸ್‌ಸ್ಟಾಪಿನಲ್ಲಿ ಮೈನಸ್ 20 ಇರಬಹುದು. ಬನಿಯನ್ ಬದಲಿಸಿ, ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದು, ಬಸ್ ಬರಲು ಎರಡು ನಿಮಿಷವಿದೆ ಎಂದಾಗ ಬಾಗಿಲು ದಾಟಿ.