ಪದವಿಗಾಗಿ ಉಳಿದ ಓಟಗಾರ

ಅಮೆರಿಕನ್ ಫುಟ್‌ಬಾಲ್ ನಾವು ಆಡುವ ಫುಟ್‌ಬಾಲ್ ಅಲ್ಲ. ಅಲ್ಲಿ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು. ನಾಲ್ಕು ಯತ್ನಗಳಲ್ಲಿ 10 ಗಜ ಮುಂದೆ ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ಚೆಂಡು ಹಿಡಿದು ಎದುರಾಳಿಗಳ ನಡುವೆ ನುಗ್ಗುವವನೇ ರನ್ನಿಂಗ್ ಬ್ಯಾಕ್.

ಅವರಲ್ಲಿ ನಾನು ಮೆಚ್ಚುವವರು ಅಮೀರ್ ಅಬ್ದುಲ್ಲಾ. 1993ರಲ್ಲಿ ಜನಿಸಿದ ಇವರು ಅಲಬಾಮಾದ ಹೋಮ್‌ವುಡ್‌ನ ಮುಸ್ಲಿಂ ಕುಟುಂಬವೊಂದರ ಒಂಬತ್ತು ಮಕ್ಕಳಲ್ಲಿ ಕೊನೆಯವರು. ಎತ್ತರ ಐದಡಿ ಒಂಬತ್ತು ಇಂಚು. ಕೆಲವು ಕಾಲೇಜುಗಳು ಇವರನ್ನು ರಕ್ಷಣಾ ಆಟಗಾರನಾಗಿ ಕರೆದವು. ಓಡುವ ಅವಕಾಶ ಕೊಟ್ಟ ನೆಬ್ರಾಸ್ಕಾ ವಿಶ್ವವಿದ್ಯಾಲಯವನ್ನು ಇವರು 2011ರಲ್ಲಿ ಸೇರಿದರು.

2013ರಲ್ಲಿ 1,690 ಗಜ ಓಡಿದ ಮೇಲೆ ವೃತ್ತಿಪರ ಲೀಗ್‌ಗೆ ಹೋಗಬಹುದಿತ್ತು, ಹಣವೂ ಸಿಗುತ್ತಿತ್ತು. ಆದರೆ ಎಂಟೂ ಮಂದಿ ಅಕ್ಕ ಅಣ್ಣಂದಿರು ಪದವೀಧರರು. ಅಮೀರ್ ಓದು ಮುಗಿಸಲು ನಾಲ್ಕನೇ ವರ್ಷ ಕಾಲೇಜಿನಲ್ಲೇ ಉಳಿದರು. ಅಪಾಯವಿಲ್ಲದೆ ಇರಲಿಲ್ಲ: ಆ ವರ್ಷ ಮೊಣಕಾಲಿಗೆ ಪೆಟ್ಟಾಯಿತು. ಆದರೂ 1,611 ಗಜ ಓಡಿದರು. ಕಾಲೇಜಿನ ಒಟ್ಟು ಓಟ 4,588 ಗಜ. 2015ರಲ್ಲಿ ಡೆಟ್ರಾಯಿಟ್ ಲಯನ್ಸ್ ತಂಡ ಎರಡನೇ ಸುತ್ತಿನಲ್ಲೇ ಇವರನ್ನು ಆರಿಸಿಕೊಂಡಿತು.

ಪಿಯುಸಿ ಮುಗಿಸಿ ನೇರ ದುಡಿಮೆಗೆ ಹೊರಡಲು ಯೋಚಿಸುತ್ತಿರುವ ಗೆಳೆಯರೇ, ಸಾಧ್ಯವಿದ್ದರೆ ಓದಿಗೆ ಇನ್ನಷ್ಟು ವರ್ಷ ಕೊಡಿ. ಕಾಲಿನ ಬಲ ಒಂದು ಪೆಟ್ಟಿಗೆ ಕುಂದಬಹುದು, ಇಲ್ಮ್ ಕುಂದುವುದಿಲ್ಲ.